ಜೊಂಡು ಹಿಡಿದ ಹುಲ್ಲುಗಾವಲು: ಔಷಧಿ ಆರಿಸಿದ್ದು, ಒರೆಸಿದ್ದು, ಆಮೇಲಿನ ಕೆಲಸ

ಹೊಲ ಇರುವುದು ಐರ್ಲೆಂಡಿನ ವಾಯವ್ಯ ಭಾಗದ ಲೀಟ್ರಿಮ್ ಕೌಂಟಿಯಲ್ಲಿ. ಸುಮಾರು ನಾಲ್ಕು ಎಕರೆ. ಮೇಲುಗಡೆ ಸಣ್ಣ ದಿಬ್ಬ, ಕೆಳಗಡೆ ತಗ್ಗು, ತಗ್ಗಿನ ಅಂಚಿಗೆ ಒಂದು ಹಳ್ಳ. ಒಂದು ಕಾಲದಲ್ಲಿ ಇಡೀ ಹೊಲದಲ್ಲಿ ಒಳ್ಳೆ ಹುಲ್ಲಿತ್ತಂತೆ. ನಾನು ಕೈ ಹಾಕುವ ಹೊತ್ತಿಗೆ ಕೆಳಗಿನ ಅರ್ಧದಲ್ಲಿ ಹುಲ್ಲಿಗಿಂತ ಜೊಂಡೇ ಜಾಸ್ತಿ ಇತ್ತು. ಇಲ್ಲಿಯವರು ಇದನ್ನು ರಶ್ ಅನ್ನುತ್ತಾರೆ. ನಮ್ಮ ಕೆರೆಯಂಚಿನ ಆಪಿನ ಹಾಗೆ ಆಳೆತ್ತರ ಬೆಳೆಯುವುದಲ್ಲ. ಮೊಣಕಾಲಿನಿಂದ ಸೊಂಟದವರೆಗೆ ಬರುವ, ಎಲೆಯೇ ಕಾಣದ, ದುಂಡನೆಯ ಹಸಿರು ಕಡ್ಡಿಗಳ ಪೊದೆ. ಬಲಿತ ಮೇಲೆ ದನ ಇದಕ್ಕೆ ಬಾಯಿ ಹಾಕುವುದಿಲ್ಲ. ಸುತ್ತಲಿನ ಹುಲ್ಲನ್ನು ಬುಡದವರೆಗೆ ಮೇಯುತ್ತವೆ, ಇದನ್ನು ಹಾಗೇ ಬಿಡುತ್ತವೆ. ಹೀಗೆ ವರ್ಷ ವರ್ಷ ಹುಲ್ಲು ಸೋಲುತ್ತಾ ಬರುತ್ತದೆ.

ಹೊಲ ನನ್ನದಲ್ಲ, ಪಕ್ಕದ ಮನೆಯ ಯಜಮಾನರದ್ದು. ವಯಸ್ಸು ಎಪ್ಪತ್ತು ದಾಟಿದೆ, ಮಂಡಿ ನೋವಿದೆ, ಆದರೂ ದನ ಸಾಕುವುದು ಬಿಟ್ಟಿಲ್ಲ. ನನ್ನ ಹೆಂಡತಿ ಇಲ್ಲಿ ನರ್ಸ್, ನಾನು ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವನು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದವನಿಗೆ ಸಂಜೆ ಹೊತ್ತು ಸುಮ್ನೆ ಕೂರುವುದು ಕಷ್ಟ. ಅದೂ ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವ ಊರಿನಲ್ಲಿ. ಹೀಗಾಗಿ ಅವರ ಹೊಲದ ಕೆಲಸ ಸ್ವಲ್ಪ ಸ್ವಲ್ಪವಾಗಿ ನನ್ನ ಕೈಗೆ ಬಂತು.

“ಎಂಸಿಪಿಎ ಹೊಡೆದುಬಿಡು. ನಮ್ಮಪ್ಪ ಅದನ್ನೇ ಹೊಡೆಯುತ್ತಿದ್ದ, ನಾನೂ ಅದನ್ನೇ ಹೊಡೆದೆ” ಅಂದರು ಯಜಮಾನರು. ಎಂಸಿಪಿಎ ಅಂದರೆ ಇಲ್ಲಿ ಹುಲ್ಲುಗಾವಲಿಗೆ ಹೊಡೆಯುವ ಒಂದು ಕಳೆನಾಶಕ.

“ನಿಮ್ಮಪ್ಪನೂ ಹೊಡೆದು, ನೀವೂ ಹೊಡೆದು, ಜೊಂಡು ಇನ್ನೂ ಇದೆಯಲ್ಲ?” ಅಂದೆ.

ಅವರು ನಕ್ಕರು. ಆದರೆ ಪ್ರಶ್ನೆ ನಿಜದ್ದೇ. ಯಾವ ಔಷಧಿ ಅನ್ನುವ ಮೊದಲು ಬೇರೆ ಎರಡು ಮೂರು ವಿಷಯ ಗೊತ್ತಾಗಬೇಕಿತ್ತು.

ಮೊದಲು, ಯಾವ ಜೊಂಡು?

ಏಪ್ರಿಲ್‌ನಲ್ಲಿ ಒಂದು ಚಾಕು ಹಿಡಿದು ಹೊಲ ಸುತ್ತಿದೆ. ಇಲ್ಲಿನ ಹುಲ್ಲುಗಾವಲಿನಲ್ಲಿ ಸಾಮಾನ್ಯವಾಗಿ ಕಾಣುವ ಜೊಂಡು ಮೂರು ನಾಲ್ಕು ಬಗೆ. ದೂರದಿಂದ ಎಲ್ಲ ಒಂದೇ ಥರ ಕಾಣುತ್ತವೆ, ಔಷಧಿಗೆ ಮಾತ್ರ ಒಂದೇ ಥರ ಬಗ್ಗುವುದಿಲ್ಲ.

ಸಾಫ್ಟ್ ರಶ್‌ನ ಕಡ್ಡಿ ನುಣುಪು, ಹೊಳೆಯುವ ಹಸಿರು. ಸೀಳಿದರೆ ಒಳಗೆ ಉದ್ದಕ್ಕೂ ಒಂದೇ ಸಮನೆ ಬಿಳಿ ಬೆಂಡು. ಹಿಂದಿನ ಕಾಲದಲ್ಲಿ ಈ ಬೆಂಡನ್ನು ಕೊಬ್ಬಿನಲ್ಲಿ ಅದ್ದಿ ದೀಪದ ಬತ್ತಿ ಮಾಡುತ್ತಿದ್ದರು. ಹಾರ್ಡ್ ರಶ್‌ನ ಕಡ್ಡಿ ಬೂದು ಮಿಶ್ರಿತ ಹಸಿರು, ಮೇಲೆ ಬೆರಳಿಗೆ ತಾಗುವ ಗೆರೆಗಳು. ಸೀಳಿದರೆ ಬೆಂಡು ತುಂಡು ತುಂಡು, ನಡುನಡುವೆ ಖಾಲಿ. ಜಾಯಿಂಟೆಡ್ ರಶ್ ಇನ್ನೊಂದು ಥರ. ಅದಕ್ಕೆ ಎಲೆ ಇದೆ, ಎಲೆಯನ್ನು ಎರಡು ಬೆರಳಿನ ಮಧ್ಯೆ ಹಿಡಿದು ಎಳೆದರೆ ಒಳಗಿನ ಅಡ್ಡಗೋಡೆಗಳು ಗಂಟು ಗಂಟಾಗಿ ಸಿಗುತ್ತವೆ. ಸಾಫ್ಟ್ ರಶ್ ಎಂಸಿಪಿಎಗೆ ಚೆನ್ನಾಗಿ ಬಗ್ಗುತ್ತದೆ. ಹಾರ್ಡ್ ಮತ್ತು ಜಾಯಿಂಟೆಡ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ನಮ್ಮ ಹೊಲದಲ್ಲಿ ಬಹುಪಾಲು ಸಾಫ್ಟ್ ರಶ್. ಗೇಟಿನ ಹತ್ತಿರ, ದನದ ನೀರಿನ ತೊಟ್ಟಿಯ ಸುತ್ತ ಮಾತ್ರ ಹಾರ್ಡ್ ರಶ್ ಗುಂಪಾಗಿತ್ತು. ಅಲ್ಲಿ ಯಜಮಾನರು ಎರಡು ಸಲ ಎಂಸಿಪಿಎ ಹೊಡೆದರೂ ಹೋಗಿರಲಿಲ್ಲವಂತೆ. ಔಷಧಿ ಕಳಪೆ ಅಂತ ಬೈದುಕೊಂಡಿದ್ದರಂತೆ. ಡಬ್ಬಿಯದೇನೂ ತಪ್ಪಿರಲಿಲ್ಲ.

ಊರಿನವರು ಕೇಳಬಹುದು, ಇದು ನಮ್ಮ ಗದ್ದೆಯ ಜೇಕೇ ಅಲ್ವಾ ಅಂತ. ಅಲ್ಲ. ಜೇಕಿನ ಕಾಂಡಕ್ಕೆ ಮೂರು ಮೂಲೆ, ಇದರದ್ದು ದುಂಡು. ಎರಡೂ ಬೇರೆ ಬೇರೆ ಸಸ್ಯ ಕುಟುಂಬ. ಆದರೆ ನಮ್ಮಲ್ಲಿ ಗದ್ದೆಯ ಕಳೆಗೆ ಹೊಡೆಯುವ ಟೂ-ಫೋರ್-ಡಿ ಮತ್ತು ಇಲ್ಲಿನ ಎಂಸಿಪಿಎ ಒಂದೇ ಬಳಗದವು. ಎರಡೂ 1940ರ ದಶಕದಲ್ಲಿ ಬಂದವು. ಗಿಡದ ಬೆಳವಣಿಗೆಯ ಹಾರ್ಮೋನನ್ನು ಅಣಕಿಸುವ ರಾಸಾಯನಿಕಗಳು. ಗಿಡ ಅಡ್ಡಾದಿಡ್ಡಿ ಬೆಳೆದು ಸುಸ್ತಾಗಿ ಸಾಯುತ್ತದೆ. ಹುಲ್ಲಿಗೆ ಏನೂ ಆಗುವುದಿಲ್ಲ. ಹುಲ್ಲುಗಾವಲಿನಲ್ಲಿ ಇವು ಇಷ್ಟು ಜನಪ್ರಿಯವಾಗಿದ್ದು ಅದಕ್ಕೇ.

ಮಣ್ಣು ಹೇಳಿದ್ದು

ಜೊಂಡು ಎಲ್ಲಿ ಬರುತ್ತದೆ? ನೀರು ನಿಲ್ಲುವ ಕಡೆ, ಹುಳಿ ಮಣ್ಣಿನಲ್ಲಿ, ಸಾರ ಕಡಿಮೆ ಇರುವಲ್ಲಿ, ದನದ ಗೊರಸಿಗೆ ನೆಲ ಕೆಸರಾಗಿ ಹುಲ್ಲು ಹರಿದ ಜಾಗದಲ್ಲಿ. ಒಂದು ಕಡ್ಡಿಯ ತೆನೆಯಲ್ಲೇ ಸಾವಿರಾರು ಬೀಜ ಇರುತ್ತವೆ. ಮಣ್ಣಿನೊಳಗೆ ಅವು ದಶಕಗಟ್ಟಲೆ ಜೀವ ಹಿಡಿದಿರುತ್ತವೆ. ಮೊಳೆಯಲು ಬೆಳಕು ಬೇಕು. ಹುಲ್ಲು ಒತ್ತಾಗಿದ್ದರೆ ಬೆಳಕು ಸಿಗುವುದಿಲ್ಲ, ಬೀಜ ಹಾಗೇ ಮಲಗಿರುತ್ತದೆ. ನೆಲ ಬರಿದಾದ ವರ್ಷವೇ ಏಳುತ್ತದೆ. ಅಂದರೆ ಇರುವ ಜೊಂಡನ್ನು ಕೊಂದು ನೆಲ ಬರಿದಾಗಿ ಬಿಟ್ಟರೆ ಮುಂದಿನ ಬೆಳೆಗೆ ನಾವೇ ಪಾತಿ ಮಾಡಿಕೊಟ್ಟ ಹಾಗೆ.

ಮಣ್ಣಿನ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದೆ. ಪಿಎಚ್ 5.4 ಬಂತು, ಅಂದರೆ ಮಣ್ಣು ಹುಳಿ. ರಂಜಕ ತೀರಾ ಕೆಳಗಿನ ದರ್ಜೆ, ಪೊಟ್ಯಾಷ್ ಅದಕ್ಕಿಂತ ಸ್ವಲ್ಪ ಮೇಲು. ಇಲ್ಲಿ ಹುಲ್ಲುಗಾವಲಿಗೆ ಬೇಕೆನ್ನುವ ಪಿಎಚ್ 6.3ರಿಂದ 6.5. ಯಜಮಾನರನ್ನು ಕೇಳಿದರೆ ಸುಣ್ಣ ಹಾಕಿ ಎಷ್ಟು ವರ್ಷವಾಯಿತು ಅಂತಲೇ ನೆನಪಿಲ್ಲ.

ಮಳೆಯ ಬಗ್ಗೆಯೂ ಒಂದು ಮಾತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ ಸಾಮಾನ್ಯವಾಗಿ 1,000ದಿಂದ 1,400 ಮಿಲಿಮೀಟರ್. ಲೆಕ್ಕ ನೋಡಿದರೆ ಇಲ್ಲಿಯದು ಮಳೆಯೇ ಅಲ್ಲ. ಆದರೆ ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ತಿಂಗಳುಗಟ್ಟಲೆ ಬಿಸಿಲು ಕಾಯುತ್ತದೆ, ಕೆಂಪು ಮಣ್ಣು ನೀರನ್ನು ಇಳಿಸಿಕೊಳ್ಳುತ್ತದೆ. ಇಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಸ್ವಲ್ಪ ಸ್ವಲ್ಪ ಹನಿಯುತ್ತಲೇ ಇರುತ್ತದೆ. ಬಿಸಿಲಿಗೆ ಕಸುವಿಲ್ಲ. ಕೆಳಗೆ ಬೂದು ಬಣ್ಣದ ಜೇಡಿ. ಗುದ್ದಲಿಯಲ್ಲಿ ಎರಡು ಗೇಣು ತೋಡಿದರೆ ಗುಂಡಿಯಲ್ಲಿ ನೀರು ಬಂದು ಕೂರುತ್ತದೆ. ಮಾರನೆಯ ದಿನ ನೋಡಿದರೂ ಅಲ್ಲೇ ಇರುತ್ತದೆ.

ಇಂಥ ನೆಲಕ್ಕೆ ಇನ್ನೊಂದು ಕಾಟವೂ ಇದೆ. ದನದ ಪಿತ್ತಜನಕಾಂಗಕ್ಕೆ ಸೇರುವ ಲಿವರ್ ಫ್ಲೂಕ್ ಹುಳು. ಅದು ಬೆಳೆಯುವುದು ಒಂದು ಸಣ್ಣ ಕೆಸರಿನ ಬಸವನಹುಳುವಿನ ಮೈಯೊಳಗೆ. ಆ ಬಸವನಹುಳುವಿಗೆ ಜೊಂಡಿನ ಬುಡದ ಒದ್ದೆ ಕೆಸರೆಂದರೆ ಬಲು ಇಷ್ಟ. ಯಜಮಾನರು ಜೊಂಡಿನ ಮೇಲೆ ಸಿಟ್ಟಾಗಿದ್ದು ಹುಲ್ಲು ಹೋಯಿತೆಂದಷ್ಟೇ ಅಲ್ಲ, ಇದಕ್ಕೂ ಹೌದು.

ಔಷಧಿ ಆಯ್ಕೆ

ಮೊದಲು ಬೇಡದ್ದನ್ನು ಪಕ್ಕಕ್ಕಿಟ್ಟೆ. ಹುಲ್ಲುಗಾವಲಿಗೆ ಅಂತ ಅಂಗಡಿಯಲ್ಲಿ ಸಿಗುವ ದುಬಾರಿ ಡಬ್ಬಿಗಳಲ್ಲಿ ಬಹಳಷ್ಟು ಡಾಕ್ ಅನ್ನುವ ಅಗಲ ಎಲೆಯ ಕಳೆ, ಮುಳ್ಳುಗಿಡ, ತುರಿಕೆ ಗಿಡಗಳಿಗೆ ಮಾಡಿದವು. ಫ್ಲುರಾಕ್ಸಿಪಿರ್, ಟ್ರೈಕ್ಲೋಪಿರ್, ಕ್ಲೋಪಿರಾಲಿಡ್ ಇಂಥ ಹೆಸರುಗಳು. ಒಳ್ಳೆಯ ಔಷಧಿಗಳೇ, ಆದರೆ ಜೊಂಡಿಗಲ್ಲ. ಬೆಲೆ ನೋಡಿ ಇದು ಎಲ್ಲದಕ್ಕೂ ಆಗುತ್ತದೆ ಅಂದುಕೊಳ್ಳುವುದು ಬೇಡ. ಲೇಬಲ್ ಮೇಲೆ ಜೊಂಡಿನ ಹೆಸರಿದೆಯಾ, ಅದೂ ಯಾವ ಜೊಂಡಿನ ಹೆಸರಿದೆ, ನೋಡಬೇಕು. ಡಬ್ಬಿಯ ಮೇಲೆ ಪಿಸಿಎಸ್ ನಂಬರ್ ಇದೆಯೇ ಅಂತಲೂ ನೋಡಬೇಕು. ಅದು ಐರ್ಲೆಂಡಿನಲ್ಲಿ ನೋಂದಣಿಯಾಗಿದೆ ಅನ್ನುವ ಗುರುತು.

ಉಳಿದಿದ್ದು ಎರಡು: ಎಂಸಿಪಿಎ ಮತ್ತು ಗ್ಲೈಫೋಸೇಟ್.

ಎಂಸಿಪಿಎ ಪರವಾಗಿ ಹೇಳುವುದು ಬಹಳ ಇದೆ. ಅಗ್ಗ. ಟ್ರ್ಯಾಕ್ಟರಿನ ಬೂಮ್ ಸ್ಪ್ರೇಯರಿನಲ್ಲಿ ಸಂಜೆಯೊಳಗೆ ಹೊಲ ಮುಗಿಯುತ್ತದೆ. ಹುಲ್ಲು ಉಳಿಯುತ್ತದೆ. ಜೊಂಡು ಚುರುಕಾಗಿ ಬೆಳೆಯುತ್ತಿರುವಾಗ, ಹೂ ಬಿಡುವ ಮೊದಲು, ಜೂನ್ ಸುಮಾರಿಗೆ ಹೊಡೆದರೆ ಸಾಫ್ಟ್ ರಶ್ ಚೆನ್ನಾಗಿ ಸಾಯುತ್ತದೆ. ಹೊಡೆಯುವುದಕ್ಕೆ ಸುಮಾರು ಒಂದು ತಿಂಗಳು ಮೊದಲೋ ಒಂದು ತಿಂಗಳು ಆಮೇಲೋ ಜೊಂಡನ್ನು ಒಮ್ಮೆ ಸವರಿ ಕತ್ತರಿಸಿದರೆ ಇನ್ನೂ ಒಳ್ಳೆಯದು.

ನನಗೆ ತೊಡಕಾಗಿದ್ದು ಮೂರು ವಿಷಯ. ಒಂದು, ಕ್ಲೋವರ್. ಹೊಲದ ಮೇಲ್ಭಾಗದಲ್ಲಿ ಬಿಳಿ ಕ್ಲೋವರ್ ಇನ್ನೂ ಚೆನ್ನಾಗಿತ್ತು. ಅದು ಗಾಳಿಯ ಸಾರಜನಕವನ್ನು ನೆಲಕ್ಕೆ ಕೊಡುವ ಗಿಡ, ಪುಕ್ಕಟೆ ಗೊಬ್ಬರ. ಎಂಸಿಪಿಎ ಬಿದ್ದರೆ ಅದೂ ಹೋಗುತ್ತದೆ. ಎರಡು, ರ‍್ಯಾಗ್‌ವರ್ಟ್ ಅನ್ನುವ ಹಳದಿ ಹೂವಿನ ವಿಷದ ಗಿಡ. ಹಸಿಯಾಗಿದ್ದಾಗ ಕಹಿ, ದನ ಮುಟ್ಟುವುದಿಲ್ಲ. ಔಷಧಿ ಬಿದ್ದು ಬಾಡಿದ ಮೇಲೆ ರುಚಿಯಾಗುತ್ತದೆ, ವಿಷ ಮಾತ್ರ ಹಾಗೇ ಇರುತ್ತದೆ. ಅದು ಪೂರ್ತಿ ಸತ್ತು ಕೊಳೆಯುವವರೆಗೆ ದನ ಬಿಡುವ ಹಾಗಿಲ್ಲ. ನಮ್ಮಲ್ಲಿ ಅಲ್ಲೊಂದು ಇಲ್ಲೊಂದು ಇದ್ದವು, ಅವನ್ನು ಹೇಗೂ ಕೈಯಲ್ಲಿ ಕೀಳಬಹುದಿತ್ತು.

ಮೂರನೆಯದು ಹಳ್ಳ. ತೀರ್ಮಾನ ಆಗಿದ್ದು ಇಲ್ಲೇ.

ಎಂಸಿಪಿಎ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಮಣ್ಣಿನ ಕಣಕ್ಕೆ ಅಂಟಿಕೊಳ್ಳುವುದು ಬಹಳ ಕಡಿಮೆ. ಗಾಳಿಯಾಡುವ ಒಳ್ಳೆ ಮಣ್ಣಿನಲ್ಲಿ ಕೆಲವು ವಾರಗಳಲ್ಲಿ ಸೂಕ್ಷ್ಮಜೀವಿಗಳು ಅದನ್ನು ಮುಗಿಸುತ್ತವೆ. ಆದರೆ ಜೊಂಡು ಬೆಳೆಯುವುದು ಗಾಳಿಯಾಡದ ಒದ್ದೆ ನೆಲದಲ್ಲಿ. ಅಲ್ಲಿ ಸೂಕ್ಷ್ಮಜೀವಿಗಳು ಅದನ್ನು ಬೇಗ ಮುಗಿಸುವುದಿಲ್ಲ, ಮಳೆ ಬಂದರೆ ನೀರಿನ ಜೊತೆ ಹೊರಟುಬಿಡುತ್ತದೆ. ಔಷಧಿ ಎಲ್ಲಿ ಬೇಕೋ ಅಲ್ಲೇ ಅದು ನಿಲ್ಲುವುದಿಲ್ಲ. ಐರ್ಲೆಂಡಿನ ಕುಡಿಯುವ ನೀರಿನಲ್ಲಿ ಪದೇ ಪದೇ ಸಿಗುವ ಕೀಟ-ಕಳೆನಾಶಕ ಇದೇ, ಮುಖ್ಯ ಕಾರಣ ಜೊಂಡಿನ ಸಿಂಪಡಣೆ. ಯುರೋಪಿನಲ್ಲಿ ಕುಡಿಯುವ ನೀರಿಗೆ ಇಟ್ಟಿರುವ ಮಿತಿ ಒಂದು ಲೀಟರಿಗೆ 0.1 ಮೈಕ್ರೋಗ್ರಾಂ. ತರಬೇತಿಯಲ್ಲಿ ನಮಗೆ ಹೇಳಿದ ಒಂದು ಲೆಕ್ಕ ಮರೆಯುವ ಹಾಗಿಲ್ಲ. ಡಬ್ಬಿಯ ಒಂದೇ ಒಂದು ಹನಿ ಸಣ್ಣ ತೊರೆಗೆ ಬಿದ್ದರೆ 30 ಕಿಲೋಮೀಟರ್ ಉದ್ದಕ್ಕೆ ಆ ಮಿತಿ ಮೀರಬಹುದು. ಇಲ್ಲಿನ ನೀರು ಶುದ್ಧೀಕರಣ ಘಟಕಗಳಲ್ಲಿ ಸಾಮಾನ್ಯವಾಗಿ ಇದನ್ನು ತೆಗೆಯುವ ವ್ಯವಸ್ಥೆ ಇರುವುದಿಲ್ಲ.

ನಮ್ಮ ತಗ್ಗು ಹಳ್ಳಕ್ಕೆ ತಾಗಿಕೊಂಡೇ ಇದೆ. ಹಳ್ಳದಿಂದ ಕೆಲವು ಮೀಟರ್ ಬಿಟ್ಟು ಸಿಂಪಡಿಸಬೇಕು ಅಂತ ಲೇಬಲ್ ಹೇಳುತ್ತದೆ, ಹಾಗೆ ಬಿಟ್ಟರೂ ಒಳಗಿರುವ ಹಳೆಯ ಬಸಿಗಾಲುವೆಗಳೆಲ್ಲ ಅಲ್ಲಿಗೇ ಬಂದು ಸೇರುತ್ತವೆ. ಮೇಲಾಗಿ, ಸಿಂಪಡಿಸಿದ ಮೇಲೆ 48 ಗಂಟೆ ಮಳೆ ಬರಬಾರದು ಅನ್ನುತ್ತಾರೆ. ಲೀಟ್ರಿಮ್‌ನಲ್ಲಿ ಎರಡು ದಿನ ಒಣ ಹವೆ ಬೇಕೆಂದರೆ ಕಾಯುತ್ತಾ ಕೂರಬೇಕು, ಅಲ್ವಾ?

ಗ್ಲೈಫೋಸೇಟ್ ಇದಕ್ಕೆ ಪೂರ್ತಿ ವಿರುದ್ಧ. ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಸುಲಭಕ್ಕೆ ಹರಿದುಹೋಗುವುದಿಲ್ಲ. ಹಾರ್ಡ್ ರಶ್ ಆದರೂ ಬಿಡುವುದಿಲ್ಲ. ತೊಂದರೆ ಏನೆಂದರೆ ಯಾವುದನ್ನೂ ಬಿಡುವುದಿಲ್ಲ. ಹಸಿರು ಕಂಡಲ್ಲೆಲ್ಲ ಕೊಲ್ಲುತ್ತದೆ, ಹುಲ್ಲೂ ಕ್ಲೋವರೂ ಸೇರಿ. ನಮ್ಮ ಮಲೆನಾಡಿನ ತೋಟದವರಿಗೆ ಇದು ರೌಂಡಪ್ ಹೆಸರಿನಲ್ಲಿ ಹಳೆಯ ಪರಿಚಯ. 1974ರಲ್ಲಿ ಮಾರುಕಟ್ಟೆಗೆ ಬಂದದ್ದು. ಇದರ ಬಗ್ಗೆ ಜಗಳವೂ ಕಡಿಮೆ ಏನಿಲ್ಲ. ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ, ಕೀಟ ನಿಯಂತ್ರಣದ ಲೈಸೆನ್ಸ್ ಇರುವವರ ಮೂಲಕ ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ ಆದೇಶ ಮಾಡಿತು. ಯುರೋಪ್ 2023ರಲ್ಲಿ ಬಹಳ ಚರ್ಚೆಯ ನಂತರ ಇನ್ನೂ 10 ವರ್ಷಕ್ಕೆ ಒಪ್ಪಿಗೆ ಕೊಟ್ಟಿತು. ನನಗೂ ಇದರ ಮೇಲೆ ಪ್ರೀತಿಯೇನಿಲ್ಲ. ಆದರೆ ಸಿಂಪಡಿಸದೆ ಒರೆಸುವ ದಾರಿ ಒಂದಿದೆ.

ಅದೇ ವೀಡ್ ವೈಪರ್. ಜೊಂಡು ಎತ್ತರ, ಮೇಯಿಸಿದ ಹುಲ್ಲು ಗಿಡ್ಡ. ಆ ಎತ್ತರದ ವ್ಯತ್ಯಾಸವನ್ನೇ ಬಳಸಿಕೊಳ್ಳುವುದು. ಔಷಧಿಯಲ್ಲಿ ನೆನೆದ ಕಾರ್ಪೆಟ್ ಸುತ್ತಿದ ಉರುಳೆ ಹುಲ್ಲಿನ ಮೇಲಿಂದ ತೇಲಿಕೊಂಡು ಹೋಗುತ್ತದೆ, ಜೊಂಡಿಗೆ ಮಾತ್ರ ತಾಗುತ್ತದೆ. ಗಾಳಿಗೆ ಹಾರುವ ಹನಿ ಇಲ್ಲ, ನೆಲಕ್ಕೆ ಬೀಳುವುದು ಬಹಳ ಕಡಿಮೆ. ಎಕರೆಗೆ ಖರ್ಚಾಗುವ ಔಷಧಿಯೂ ಕಮ್ಮಿ. ಇದು ನನ್ನ ಹೊಸ ಯೋಚನೆಯೇನಲ್ಲ. ಪಕ್ಕದ ಡರ್ಗ್ ನದಿಯ ಕಣಿವೆಯಲ್ಲಿ ಸೋರ್ಸ್ ಟು ಟ್ಯಾಪ್ ಅನ್ನುವ, ಉತ್ತರ ಐರ್ಲೆಂಡ್ ಗಡಿಯಾಚೀಚೆಯ ಯೋಜನೆ ರೈತರಿಗೆ ಇದನ್ನೇ ಮಾಡಿಸಿತು, ಎಂಸಿಪಿಎ ಬದಲು ಗ್ಲೈಫೋಸೇಟ್ ಒರೆಸುವುದು. ವೇಲ್ಸ್‌ನಲ್ಲಿ ನೀರಿನ ಕಂಪನಿಯೇ ವೈಪರನ್ನು ಪುಕ್ಕಟೆಯಾಗಿ ಕೊಟ್ಟಿದ್ದುಂಟು. ಒಂದು ಎಚ್ಚರ: ಎಂಸಿಪಿಎಯನ್ನು ವೈಪರಿಗೆ ಹಾಕುವಂತಿಲ್ಲ. ಇಲ್ಲಿ ಒರೆಸಲು ಅನುಮತಿ ಇರುವುದು ಗ್ಲೈಫೋಸೇಟಿಗೆ, ಅದೂ ಲೇಬಲ್ ಮೇಲೆ ವೈಪರ್ ಬಳಕೆ ಬರೆದಿರುವ ಡಬ್ಬಿಗೆ ಮಾತ್ರ.

ಒಣ ದಿಬ್ಬದ ಮೇಲೆ, ಕ್ಲೋವರ್ ಇಲ್ಲದ ಹೊಲದಲ್ಲಿ, ನೀರು ದೂರ ಇದ್ದರೆ ನಾನು ಎಂಸಿಪಿಎ ಬೇಡ ಅನ್ನುತ್ತಿರಲಿಲ್ಲ. ಈ ಹೊಲಕ್ಕೆ ಬೇಡ. ಯಜಮಾನರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಹಳ್ಳದ ಕಡೆ ನೋಡಿ, “ನಮ್ಮ ಮನೆ ನಲ್ಲಿಗೆ ಬರುವುದು ಈ ಹಳ್ಳ ಹೋಗಿ ಸೇರುವ ಸರೋವರದ ನೀರೇ” ಅಂದರು. ಚರ್ಚೆ ಅಲ್ಲಿಗೆ ಮುಗಿಯಿತು.

ಜೂನ್: ಒರೆಸುವ ತಯಾರಿ

ಇಲ್ಲಿ ಯಾರು ಬೇಕಾದರೂ ಹೋಗಿ ವೃತ್ತಿಪರ ಬಳಕೆಯ ಕಳೆನಾಶಕ ತರುವಂತಿಲ್ಲ. ತರಬೇತಿ ಪಡೆದು ಕೃಷಿ ಇಲಾಖೆಯಲ್ಲಿ ಬಳಕೆದಾರ ಅಂತ ಹೆಸರು ನೋಂದಾಯಿಸಿ ನಂಬರ್ ತೆಗೆದುಕೊಳ್ಳಬೇಕು. 2015ರ ನವೆಂಬರ್‌ನಿಂದ ಈ ನಿಯಮ. ಯಜಮಾನರಿಗೆ ನಂಬರ್ ಇತ್ತು, ಆದರೆ ಒರೆಸುವವನು ನಾನು, ಹಾಗಾಗಿ ನಾನೂ ಕೋರ್ಸ್ ಮುಗಿಸಿದೆ. ಬೇಸರದ ಕೋರ್ಸ್ ಅಂದುಕೊಂಡು ಹೋದೆ, ನಿಜಕ್ಕೂ ಉಪಯೋಗವಾಯಿತು. ಊರಿನಲ್ಲಿ ಡಬ್ಬಿಯ ಮೇಲೆ ವಿಷದ ಮಟ್ಟ ತೋರಿಸುವ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ನೋಡಿ ಅಂದಾಜು ಮಾಡುತ್ತಿದ್ದ ನನಗೆ ಲೇಬಲನ್ನು ಸಾಲು ಸಾಲು ಓದುವ ಅಭ್ಯಾಸ ಬಂದದ್ದು ಅಲ್ಲೇ.

ವೈಪರ್ ಬಾಡಿಗೆಗೆ ಸಿಕ್ಕಿತು. ನಾಲ್ಕು ಚಕ್ರದ ಬೈಕಿನ ಹಿಂದೆ ಎಳೆಯುವಂಥದ್ದು. ತಿರುಗುವ ಉರುಳೆ, ಅದಕ್ಕೆ ಒರಟು ಕಾರ್ಪೆಟ್, ಮೇಲೆ ಒಂದು ಸಣ್ಣ ಟ್ಯಾಂಕ್, ಪಂಪು, ಸಾಲಾಗಿ ನಾಝಲ್‌ಗಳು. ಉರುಳೆ ಚಕ್ರ ತಿರುಗುವ ದಿಕ್ಕಿಗೆ ಎದುರಾಗಿ ತಿರುಗುವುದರಿಂದ ಕಡ್ಡಿಯನ್ನು ಕೆಳಗಿನಿಂದ ಮೇಲಕ್ಕೆ ಒರೆಸುತ್ತದೆ. ಬಾಡಿಗೆ ಯಂತ್ರ ಅಂದ ಮೇಲೆ ಹಿಂದಿನವರು ಹೇಗೆ ಬಿಟ್ಟಿರುತ್ತಾರೋ ಹಾಗೇ ಇರುತ್ತದೆ. ಎರಡು ನಾಝಲ್ ಕಟ್ಟಿಕೊಂಡಿದ್ದವು. ಕಾರ್ಪೆಟ್ ಒಂದು ತುದಿಯಲ್ಲಿ ಸಡಿಲವಾಗಿತ್ತು. ನಾಝಲ್ ಬಿಚ್ಚಿ ನೀರಿನಲ್ಲಿ ನೆನೆಸಿ ಮೆತ್ತನೆಯ ಬ್ರಷ್‌ನಲ್ಲಿ ಉಜ್ಜಿದೆ. ತಂತಿ ಹಾಕಿ ಚುಚ್ಚಬಾರದು, ತೂತು ದೊಡ್ಡದಾದರೆ ಒಂದೇ ಕಡೆ ಸುರಿಯುತ್ತದೆ. ಕಾರ್ಪೆಟ್ ಬಿಗಿ ಮಾಡಿ, ಬರೀ ನೀರು ಹಾಕಿ ಅಂಗಳದಲ್ಲಿ ಓಡಿಸಿ ನೋಡಿದೆ. ಉರುಳೆ ಪೂರ್ತಿ ಒದ್ದೆಯಾಗಬೇಕು, ಆದರೆ ಕೆಳಗೆ ತೊಟ್ಟಿಕ್ಕಬಾರದು. ಬಟ್ಟೆ ಒದ್ದೆ ಮಾಡಿ ಹಿಂಡಿ ನೆಲ ಒರೆಸುವ ಹದ. ಈ ಹದ ಸಿಗಲು ಪಂಪಿನ ಗುಂಡಿಯ ಜೊತೆ ಒಂದಷ್ಟು ಹೊತ್ತು ಆಟ ಆಡಬೇಕಾಯಿತು.

ಹೊಲದ ತಯಾರಿ ಇನ್ನೂ ಮುಖ್ಯ. ಹಳೆಯ ಬಲಿತ ಜೊಂಡಿಗೆ ಒರೆಸಿದರೆ ಪ್ರಯೋಜನ ಇಲ್ಲ. ಒಣ ಕಡ್ಡಿ ಔಷಧಿಯನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಹಿಂದಿನ ವರ್ಷದ ಶರತ್ಕಾಲದಲ್ಲೇ ಯಜಮಾನರು ಎಲ್ಲವನ್ನೂ ಸವರಿಸಿದ್ದರು, ಹಾಗಾಗಿ ಈಗ ಬಂದಿದ್ದೆಲ್ಲ ಹೊಸ ಹಸಿರು ಚಿಗುರು. ಮೇ ಕೊನೆಯಿಂದ ದನಗಳನ್ನು ಒಳಗೆ ಬಿಟ್ಟು ಹುಲ್ಲನ್ನು ಗಿಡ್ಡಕ್ಕೆ ಮೇಯಿಸಿದೆವು. ಹುಲ್ಲಿನ ತುದಿಗಿಂತ ಜೊಂಡು ಕನಿಷ್ಠ 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮಲ್ಲಿ ಅದಕ್ಕಿಂತ ಜಾಸ್ತಿಯೇ ಇತ್ತು. ಕೆಲವು ಕಡೆ ದನ ಬಿಟ್ಟ ಎತ್ತರದ ಹುಲ್ಲಿನ ಗುಪ್ಪೆಗಳನ್ನು ಕತ್ತಿಯಲ್ಲಿ ಕೊಯ್ದೆ, ಇಲ್ಲದಿದ್ದರೆ ಅವೂ ಸಾಯುತ್ತಿದ್ದವು. ಕೆಲಸಕ್ಕೆ ಮುಂಚೆ ಹಕ್ಕಿಗೂಡು ಇದೆಯೇ ಅಂತ ಕೋಲು ಹಿಡಿದು ನಿಧಾನಕ್ಕೆ ನಡೆದು ನೋಡಿದೆ. ಸ್ನೈಪ್, ಕರ್ಲೂ ಇಂಥ ಉದ್ದ ಕೊಕ್ಕಿನ ಹಕ್ಕಿಗಳು ಈ ಜೊಂಡಿನ ನೆಲದಲ್ಲೇ ಮೊಟ್ಟೆ ಇಡುತ್ತವೆ. ಕರ್ಲೂ ಇಲ್ಲಿ ಬಹಳ ಕಡಿಮೆಯಾಗಿದೆ. ಹಳ್ಳದ ಮೂಲೆಯಿಂದ ಒಂದು ಸ್ನೈಪ್ ಬುರ್ರನೆ ಎದ್ದಿತು. ಆ ಮೂಲೆಯನ್ನು ಗೂಟ ಹೊಡೆದು ಬಿಟ್ಟೆವು.

ಆ ಮೂಲೆ ಬಿಡುವುದಕ್ಕೆ ಯಜಮಾನರ ಮನೆಯವರಿಗೆ ಇನ್ನೊಂದು ಕಾರಣವೂ ಇತ್ತು. ಫೆಬ್ರವರಿ 1 ಸೇಂಟ್ ಬ್ರಿಜಿಡ್ ಹಬ್ಬ. ಅದಕ್ಕೆ ಹಸಿ ಜೊಂಡು ಕಿತ್ತು ಶಿಲುಬೆ ಹೆಣೆದು ಬಾಗಿಲ ಮೇಲೆ ಸಿಕ್ಕಿಸುತ್ತಾರೆ. “ಎಲ್ಲ ಕೊಂದುಬಿಟ್ಟರೆ ಶಿಲುಬೆಗೆ ಪಕ್ಕದ ಮನೆಯವರ ಹೊಲಕ್ಕೆ ಹೋಗಲಾ?” ಅಂದರು ಆ ಮನೆಯ ಅಮ್ಮ. 2023ರಿಂದ ಈ ಹಬ್ಬಕ್ಕೆ ದೇಶಕ್ಕೆಲ್ಲ ರಜೆ ಬೇರೆ.

ಒರೆಸಿದ ದಿನ

ಹವಾಮಾನ ನೋಡಿ ಎರಡು ದಿನ ಒಣ ಹವೆ ಸಿಗುವ ಹೊತ್ತಿಗೆ ಹೊರಟೆ. ಬೆಳಗಿನ ಇಬ್ಬನಿ ಆರುವವರೆಗೆ ಕಾದೆ. ಕಡ್ಡಿ ಒದ್ದೆ ಇದ್ದರೆ ಔಷಧಿ ತೆಳುವಾಗಿ ಜಾರಿ ಕೆಳಗಿಳಿಯುತ್ತದೆ. ಔಷಧಿ ಬೆರೆಸಿದ್ದು ಮನೆಯ ಕಾಂಕ್ರೀಟ್ ಅಂಗಳದಲ್ಲಿ, ಹಳ್ಳದಿಂದ ದೂರ, ಚರಂಡಿ ಬಾಯಿಗೂ ದೂರ. ನೀರಿನ ಪೈಪನ್ನು ಟ್ಯಾಂಕಿನೊಳಗೆ ಇಳಿಬಿಡಲಿಲ್ಲ, ಒತ್ತಡ ಕಡಿಮೆಯಾದರೆ ಟ್ಯಾಂಕಿನದ್ದು ಪೈಪಿಗೇ ವಾಪಸ್ ಎಳೆದುಕೊಳ್ಳುತ್ತದೆ. ನೈಟ್ರೈಲ್ ಗ್ಲೌಸ್, ಮುಖಕ್ಕೆ ಶೀಲ್ಡ್, ಗಮ್‌ಬೂಟ್. ವೈಪರಿಗೆ ದ್ರಾವಣ ಸಿಂಪಡಣೆಗಿಂತ ಗಟ್ಟಿ ಇರುತ್ತದೆ, ಅದರ ಅಳತೆ ಲೇಬಲ್ ಮೇಲೇ ಬೇರೆಯಾಗಿ ಇರುತ್ತದೆ. ಪಕ್ಕದವರು ಎಷ್ಟು ಹಾಕಿದರು ಅಂತ ಕೇಳಿ ಹಾಕುವುದಲ್ಲ.

ವೇಗ ನಡಿಗೆಗಿಂತ ಚೂರು ಜೋರು, ಗಂಟೆಗೆ 5 ಕಿಲೋಮೀಟರ್ ಸುಮಾರು. ಜೋರಾಗಿ ಹೋದರೆ ಉರುಳೆ ಕಡ್ಡಿಯನ್ನು ಬಡಿದು ಬಾಗಿಸಿ ಹೋಗುತ್ತದೆ, ಒರೆಸುವುದಿಲ್ಲ. ಮೊದಲು ದಿಬ್ಬದಿಂದ ಹಳ್ಳದ ಕಡೆಗೆ ಸಾಲು ಹಿಡಿದೆ. ಎಲ್ಲ ಮುಗಿದ ಮೇಲೆ ಅದೇ ಸಾಲುಗಳಲ್ಲಿ ವಾಪಸ್, ಎದುರು ದಿಕ್ಕಿನಿಂದ. ಒಂದೇ ಕಡೆಯಿಂದ ಹೋದರೆ ಪೊದೆಯ ಹಿಂಬದಿಗೆ ಔಷಧಿ ತಾಗುವುದಿಲ್ಲ, ಅರ್ಧ ಪೊದೆ ಮಾತ್ರ ಸಾಯುತ್ತದೆ. ನೆಲ ಏರುಪೇರಿರುವಲ್ಲಿ ಉರುಳೆಯ ಎತ್ತರ ಪದೇ ಪದೇ ಬದಲಿಸಬೇಕು. ಇದೊಂದೇ ನಿಜಕ್ಕೂ ಬೇಸರದ ಕೆಲಸ. ಗೊರಸಿನ ಗುಂಡಿಗಳ ಮೇಲೆ ಚಕ್ರ ಹಾರಿದಾಗ ಉರುಳೆ ಹುಲ್ಲಿಗೆ ತಾಗುತ್ತದೆ. ಅಂಥ ಕಡೆ ಎತ್ತಿ ಹಿಡಿದು, ಬಿಟ್ಟುಹೋದ ಪೊದೆಗಳನ್ನು ಆಮೇಲೆ ಕೈಯಲ್ಲಿ ಹಿಡಿಯುವ ಒರೆಸುಕೋಲಿನಿಂದ ಮುಗಿಸಿದೆ.

ಹಳ್ಳದ ಅಂಚಿನ ಪಟ್ಟಿಗೆ ಯಂತ್ರವನ್ನೇ ಒಯ್ಯಲಿಲ್ಲ. ಟ್ಯಾಂಕ್ ತೊಳೆದ ನೀರನ್ನು ದಿಬ್ಬದ ಮೇಲಿನ ಜೊಂಡಿಗೇ ಒರೆಸಿ ಖಾಲಿ ಮಾಡಿದೆ. ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನೂ ಟ್ಯಾಂಕಿಗೇ ಹಾಕಿದ್ದೆ. ದನವನ್ನು ಮತ್ತೆ ಒಳಗೆ ಬಿಡಲು ಎಷ್ಟು ದಿನ ಕಾಯಬೇಕೆಂದು ಲೇಬಲ್ ಹೇಳುತ್ತದೆ. ಬೇರೆ ಹೊಲದಲ್ಲಿ ಮೇವು ಇದ್ದುದರಿಂದ ಅದಕ್ಕಿಂತ ಜಾಸ್ತಿಯೇ ಕಾದೆವು.

ಆಮೇಲೆ ಏನಾಯಿತು

ಮೊದಲ ವಾರ ಏನೂ ಕಾಣಲಿಲ್ಲ. ಗ್ಲೈಫೋಸೇಟ್ ನಿಧಾನ, ಕಡ್ಡಿಯಿಂದ ಬುಡಕ್ಕೆ ಇಳಿದು ಕೆಲಸ ಮಾಡಬೇಕು. ಎರಡನೆಯ ವಾರ ತುದಿ ಹಳದಿಯಾಯಿತು. ಜುಲೈ ಮಧ್ಯದ ಹೊತ್ತಿಗೆ ಸಾಲುಗಳೆಲ್ಲ ಕಂದು ಬಣ್ಣ, ನಡುವೆ ಹುಲ್ಲು ಹಸಿರು. ಹುಲ್ಲು ಸುಟ್ಟ ಕಲೆ ಅಲ್ಲಲ್ಲಿ ತಟ್ಟೆಯಗಲ ಇತ್ತು, ಗೊರಸಿನ ಗುಂಡಿಗಳ ಹತ್ತಿರ. ಯಜಮಾನರು ಆಗಲೇ ಸವರಿಬಿಡೋಣ ಅಂದರು. ಬೇಡ ಅಂದೆ. ಬುಡಕ್ಕೆ ಔಷಧಿ ಪೂರ್ತಿ ಇಳಿಯಲು ಕನಿಷ್ಠ ನಾಲ್ಕು ವಾರ ಬಿಡಬೇಕು. ಆಗಸ್ಟ್‌ನಲ್ಲಿ ಸವರಿದೆವು. ಸತ್ತ ಕಡ್ಡಿಯನ್ನು ಅಲ್ಲೇ ದಪ್ಪಗೆ ಬಿಟ್ಟರೆ ಕೆಳಗಿನ ಹುಲ್ಲು ಉಸಿರು ಕಟ್ಟಿ ಸಾಯುತ್ತದೆ, ಹಾಗಾಗಿ ಗುಡಿಸಿ ಒಂದು ಮೂಲೆಗೆ ಹಾಕಿದೆವು.

ಸಾಫ್ಟ್ ರಶ್ ಬಹುಪಾಲು ಹೋಗಿದೆ. ಗೇಟಿನ ಹತ್ತಿರದ ಹಾರ್ಡ್ ರಶ್ ಕೂಡ ಈ ಸಲ ಬಗ್ಗಿತು, ಆದರೆ ಮಧ್ಯದ ದಟ್ಟ ಗುಂಪಿನಲ್ಲಿ ಒಳಗಿನ ಕಡ್ಡಿಗಳಿಗೆ ಉರುಳೆ ತಾಗದೆ ಉಳಿದವು.

ಇಷ್ಟಾದ ಮೇಲೆ ನಿಜವಾದ ಕೆಲಸ ಶುರು. ನೆಲ ಗಟ್ಟಿಯಾಗಿದ್ದ ಆಗಸ್ಟ್ ಕೊನೆಯಲ್ಲಿ ಹಳೆಯ ಬಸಿಗಾಲುವೆ ಬಿಡಿಸಿದೆವು. ಹಳೆಯ ಜನ ಕಲ್ಲು ಕಟ್ಟಿ ಮಾಡಿದ ಒಳಗಾಲುವೆಗಳ ಬಾಯಿ ಹೂಳು ತುಂಬಿ ಮುಚ್ಚಿಹೋಗಿತ್ತು. ಯಜಮಾನರಿಗೆ ಅದರ ಜಾಗ ಸರಿಯಾಗಿ ನೆನಪಿತ್ತು. ಬಾಯಿ ಬಿಡಿಸಿದ ಕೂಡಲೇ ಕಂದು ನೀರು ಗಳಗಳ ಬಂತು. ಹೊಸ ಕಾಲುವೆ ತೋಡುವ ಖರ್ಚಿಲ್ಲದೆ ತಗ್ಗಿನ ಅರ್ಧ ಭಾಗ ಒಣಗಿತು. ಅಡಿಕೆ ತೋಟದಲ್ಲಿ ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ಬಿಡಿಸುವುದು ನಮಗೆಲ್ಲ ಗೊತ್ತಿರುವ ಕೆಲಸ. ಗುದ್ದಲಿ ಆಕಾರ ಬೇರೆ, ಬೆನ್ನು ನೋವು ಅದೇ.

ಸೆಪ್ಟೆಂಬರ್ ಶುರುವಿನಲ್ಲಿ ಸುಣ್ಣ ಹಾಕಿಸಿದೆವು. ಇಲ್ಲಿ ಒಂದೇ ಸಲಕ್ಕೆ ಹೆಕ್ಟೇರಿಗೆ 7.5 ಟನ್‌ಗಿಂತ ಜಾಸ್ತಿ ಹಾಕಬೇಡಿ ಅನ್ನುತ್ತಾರೆ, ಅಂದರೆ ಎಕರೆಗೆ 3 ಟನ್. ನಾವು ಅದಕ್ಕಿಂತ ಕಡಿಮೆ ಹಾಕಿ ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಟ್ಟೆವು. ಸುಣ್ಣದ ಲಾರಿ ಒದ್ದೆ ನೆಲದ ಮೇಲೆ ಬಂದರೆ ಮಾಡಿದ್ದೆಲ್ಲ ಕೆಸರಾಗುತ್ತದೆ, ಹಾಗಾಗಿ ದಿನ ಆರಿಸುವುದೇ ಕಷ್ಟ. ಬರಿದಾದ ಜಾಗಕ್ಕೆ ರೈ ಹುಲ್ಲಿನ ಬೀಜ ಚೆಲ್ಲಿ ಕುಂಟೆಯ ಥರದ ಹಲ್ಲುಗಳಿರುವ ಯಂತ್ರ ಎಳೆದೆವು. ಚಳಿಗಾಲದಲ್ಲಿ ಈ ಹೊಲಕ್ಕೆ ದನ ಬಿಡುವುದಿಲ್ಲ ಅಂತ ಯಜಮಾನರಿಂದ ಮಾತು ತೆಗೆದುಕೊಂಡೆ. ಅವರಿಗೆ ಇದೇ ಕಷ್ಟದ ಭಾಗ. ಗೇಟು ತೆಗೆದರೆ ಎದುರಿಗೇ ಇರುವ ಹೊಲ ಅದು, ಬೆಳಗ್ಗೆ ದನ ಬಿಡುವ ಅಭ್ಯಾಸ ಕೈಗೆ ಬಂದುಬಿಟ್ಟಿದೆ. ಗೇಟಿಗೆ ಹಗ್ಗ ಕಟ್ಟಿ ಮೂರು ಗಂಟು ಹಾಕಿದ್ದೇನೆ.

ಈಗ ಎರಡನೆಯ ಬೇಸಿಗೆ. ಸತ್ತ ಪೊದೆಗಳ ನಡುವೆ ಕೂದಲಿನಷ್ಟು ತೆಳುವಾದ ಹೊಸ ಜೊಂಡಿನ ಸಸಿ ಎದ್ದಿವೆ, ಬೀಜದಿಂದ ಬಂದವು. ಹುಲ್ಲು ಒತ್ತಾಗಿ ಬಂದ ಕಡೆ ಅವು ಇಲ್ಲ, ಹುಲ್ಲಿನ ಬೀಜ ಹಿಡಿಯದ ಕಡೆ ಇವೆ. ಇವಕ್ಕೆ ಈಗ ಔಷಧಿ ಬೇಡ. ಎರಡು ಸಲ ಗಿಡ್ಡಕ್ಕೆ ಸವರುವುದು, ಎಳೆಯದನ್ನು ದನ ಹುಲ್ಲಿನ ಜೊತೆ ಮೇಯುತ್ತವೆ. ಗೇಟಿನ ಹತ್ತಿರದ ಹಾರ್ಡ್ ರಶ್‌ಗೆ ಮಾತ್ರ ಮತ್ತೊಂದು ಸಲ ಕೈಯಲ್ಲಿ ಒರೆಸಬೇಕು. ಆದರೆ ಅದಕ್ಕಿಂತ ಮೊದಲು ನೀರಿನ ತೊಟ್ಟಿಯನ್ನು ದಿಬ್ಬದ ಮೇಲಕ್ಕೆ ಸಾಗಿಸಬೇಕು. ದನ ದಿನಾ ಬಂದು ತುಳಿಯುವ ಕೆಸರು ಅಲ್ಲೇ ಇರುವವರೆಗೆ ಒರೆಸಿ ಉಪಯೋಗ ಇಲ್ಲ. ಪೈಪಿಗೆ ಸುಮಾರು 60 ಮೀಟರ್ ಬೇಕು, ಯಜಮಾನರ ಕೊಟ್ಟಿಗೆಯಲ್ಲಿ ಹಳೆಯ ಸುರುಳಿ ಒಂದಿದೆ. ಸೋರುತ್ತದೋ ಇಲ್ಲವೋ ಈ ಶನಿವಾರ ನೀರು ಬಿಟ್ಟು ನೋಡುತ್ತೇವೆ.